ಗೇಟು ತೆಗೆದು ಒಳಗೆ ಬರುವವರು: ಮನೆ ಮುಂದಿನ ಕೈತೋಟ ಕಾಯ್ದುಕೊಳ್ಳುವ ಕ್ರಮ

ಬೆಂಗಳೂರು, ಮೈಸೂರು, ಶಿವಮೊಗ್ಗದಂಥ ಊರುಗಳ ಬಡಾವಣೆಗಳಲ್ಲಿ ಮನೆ ಮುಂದೆ ಹತ್ತಡಿ ಮಣ್ಣು ಉಳಿಸಿಕೊಂಡು ನಾಲ್ಕು ಹೂಗಿಡ ಹಾಕಿದವರಿಗೆಲ್ಲ ಈ ಕಾಟ ಗೊತ್ತು. ಬೆಳಕು ಹರಿಯುವ ಮೊದಲೇ ಪ್ಲಾಸ್ಟಿಕ್ ಕವರ್ ಹಿಡಿದು ಹೂ ಕೀಳುವವರು, ಚೆಂಡು ಹುಡುಕಿಕೊಂಡು ಕಾಂಪೌಂಡ್ ಹಾರುವ ಹುಡುಗರು, ಬೆಲ್ ಒತ್ತಲೆಂದು ಬಾಗಿಲವರೆಗೆ ಬಂದು ಕುಂಡ ಉರುಳಿಸಿ ಹೋಗುವ ಡೆಲಿವರಿಯವರು, ಚಂದಾ ಕೇಳುವವರು, ನೀರಿನ ಫಿಲ್ಟರ್ ಮಾರುವವರು. ಇವರಲ್ಲಿ ನಿಜವಾದ ಕಳ್ಳರು ತೀರಾ ಕಡಿಮೆ. ಹೆಚ್ಚಿನವರು ಒಳಗೆ ಬರುವುದು ಗೇಟು ಸುಲಭವಾಗಿ ತೆರೆಯಿತು, ಯಾರೂ ಬೇಡ ಅನ್ನಲಿಲ್ಲ ಎಂಬ ಎರಡೇ ಕಾರಣಕ್ಕೆ.

ಆದ್ದರಿಂದ ಮೊದಲು ಎಲ್ಲೆ, ಆಮೇಲೆ ಗೇಟು, ಆಮೇಲೆ ಗಿಡ ಇರುವ ಜಾಗ, ಆಮೇಲೆ ಮಾತು. ಪೊಲೀಸು ಕಟ್ಟಕಡೆಗೆ. ಮೊದಲೇ ಠಾಣೆಗೆ ಹೋದರೆ ‘ಗೇಟಿಗೆ ಚಿಲಕ ಹಾಕ್ಕೊಳ್ಳೋಕೆ ಏನ್ ಕಷ್ಟ ಸ್ವಾಮಿ’ ಎಂಬ ಪ್ರಶ್ನೆಗೆ ನಿಮ್ಮ ಹತ್ತಿರ ಉತ್ತರ ಇರುವುದಿಲ್ಲ.

ಎಲ್ಲೆ ಎಲ್ಲಿದೆ, ಅಳೆದು ನೋಡಿ

ಕ್ರಯಪತ್ರದ ಷೆಡ್ಯೂಲಿನಲ್ಲಿ ಚಕ್ಕುಬಂದಿಯೂ (ನಾಲ್ಕು ದಿಕ್ಕಿಗೆ ಏನೇನಿದೆ ಎಂಬ ವಿವರ) ನಿವೇಶನದ ಅಳತೆಯೂ ಇರುತ್ತವೆ. ಅದನ್ನು ಕೈಯಲ್ಲಿ ಹಿಡಿದು, ಟೇಪಿನಿಂದ ಹಿಂದಿನ ಗೋಡೆಯ ಮೂಲೆಯಿಂದ ಮುಂದಿನ ಕಾಂಪೌಂಡಿನವರೆಗೆ ಅಳೆಯಿರಿ. 30x40 ನಿವೇಶನದಲ್ಲಿ 40 ಅಡಿ ಮುಗಿದ ಮೇಲೆ ಇನ್ನೂ ಮೂರಡಿ ತೋಟ ಉಳಿದಿದೆ ಎಂದರೆ ಆ ಮೂರಡಿ ರಸ್ತೆಯದು. ಕಾಂಪೌಂಡಿನ ಹೊರಗೆ, ಚರಂಡಿ ಪಕ್ಕ ಕಬ್ಬಿಣದ ಬೇಲಿ ಹಾಕಿ ಗಿಡ ಬೆಳೆಸುವುದು ನಮ್ಮ ಊರುಗಳಲ್ಲಿ ತೀರಾ ಸಾಮಾನ್ಯ. ನೀರು ಹಾಕಿದವರು ನೀವೇ ಆದರೂ ಅಲ್ಲಿ ನಿಂತವರನ್ನು ‘ನಮ್ಮ ಜಾಗ’ ಎಂದು ಗದರುವ ಹಕ್ಕು ನಿಮಗಿಲ್ಲ. ತಕರಾರು ಬೆಳೆದರೆ ಪಾಲಿಕೆಯವರು ಮೊದಲು ತೆಗೆಸುವುದು ನಿಮ್ಮ ಬೇಲಿಯನ್ನೇ. ಹೊರಗಿನ ಗಿಡವನ್ನು ಬೀದಿಗೆ ಬಿಟ್ಟುಕೊಟ್ಟ ಗಿಡ ಎಂದು ಎಣಿಸಿ, ಪೂಜೆಗೆ ಬೇಕಾದ್ದನ್ನು ಒಳಗೆ ಹಾಕಿಕೊಳ್ಳಿ.

ಬಾಡಿಗೆ ಮನೆಯವರಿಗೆ ಒಂದು ಮಾತು. ಅತಿಕ್ರಮ ಪ್ರವೇಶದ ವಿಚಾರದಲ್ಲಿ ಕಾನೂನು ನೋಡುವುದು ಜಾಗ ಯಾರ ಸ್ವಾಧೀನದಲ್ಲಿದೆ ಎಂಬುದನ್ನು. ಇಡೀ ಮನೆ, ಅಂಗಳ ನಿಮಗೆ ಬಾಡಿಗೆಗೆ ಬಂದಿದ್ದರೆ ದೂರು ನೀವೇ ಕೊಡಬಹುದು, ಮಾಲೀಕರಿಗೆ ಕಾಯಬೇಕಿಲ್ಲ.

ಮೂಲೆ ನಿವೇಶನದವರ ಕಷ್ಟ ಬೇರೆ. ಅಡ್ಡರಸ್ತೆಯಿಂದ ಮುಖ್ಯರಸ್ತೆಗೆ ಹೋಗುವವರು ತೋಟದ ಮೂಲೆಯಲ್ಲೇ ಕಾಲುದಾರಿ ಮಾಡಿಕೊಳ್ಳುತ್ತಾರೆ. ಪಕ್ಕದ ಮನೆಯವರು 20 ವರ್ಷ ಅಡೆತಡೆಯಿಲ್ಲದೆ, ಬಹಿರಂಗವಾಗಿ, ಹಕ್ಕಿನಿಂದೆಂಬಂತೆ ಒಂದು ದಾರಿಯಲ್ಲಿ ಓಡಾಡಿದ್ದರೆ ಅನುಭೋಗದ ಹಕ್ಕು, ಅಂದರೆ ಆ ದಾರಿಯನ್ನು ಮುಂದೆಯೂ ಬಳಸುವ ಹಕ್ಕು, ಕೇಳಬಹುದು. ಅನುಮತಿ ಪಡೆದು ಓಡಾಡಿದ್ದರೆ ಆ ಹಕ್ಕು ಹುಟ್ಟುವುದಿಲ್ಲ. ಹಾಗಾಗಿ ನೆರೆಯವರಿಗೆ ದಾರಿ ಬಿಡುವ ಮನಸ್ಸಿದ್ದರೆ ಸುಮ್ಮನೆ ಬಿಡಬೇಡಿ. ‘ನಿಮ್ಮ ಒಪ್ಪಿಗೆಯ ಮೇಲೆ ಓಡಾಡುತ್ತಿದ್ದೇವೆ, ಬೇಡವೆಂದಾಗ ನಿಲ್ಲಿಸುತ್ತೇವೆ’ ಎಂದು ಅವರಿಂದ ಎರಡು ಸಾಲು ಬರೆಸಿ, ಸಹಿ ಮತ್ತು ತಾರೀಖು ಹಾಕಿಸಿಟ್ಟುಕೊಳ್ಳಿ. ಬಿಡುವ ಮನಸ್ಸಿಲ್ಲದಿದ್ದರೆ ಆ ಮೂಲೆಗೆ ಮೂರಡಿ ಎತ್ತರದ ಬೇಲಿ ಇವತ್ತೇ ಹಾಕಿ.

ಒಳಗೆ ಬರಲೇಬೇಕಾದವರು

ವಿದ್ಯುತ್ ಮೀಟರ್ ಓದುವವರನ್ನು ತಡೆಯುವ ಹಾಗಿಲ್ಲ. 2003ರ ವಿದ್ಯುಚ್ಛಕ್ತಿ ಕಾಯ್ದೆಯ ಸೆಕ್ಷನ್ 163ರ ಪ್ರಕಾರ, ಮನೆಯವರಿಗೆ ತಿಳಿಸಿ ಸಕಾಲದಲ್ಲಿ ಒಳಬರುವ ಅಧಿಕಾರ ವಿದ್ಯುತ್ ಕಂಪನಿಗಿದೆ. ಬಿಡದಿದ್ದರೆ ಲಿಖಿತ ನೋಟಿಸ್ ಕೊಟ್ಟು, 24 ಗಂಟೆ ಕಳೆದ ಮೇಲೆ ಸಂಪರ್ಕ ಕಡಿಯಲೂಬಹುದು. ಮೀಟರ್ ಪೋರ್ಟಿಕೋದೊಳಗಿದ್ದರೆ ತಿಂಗಳಿಗೊಮ್ಮೆ ಹೊಸ ಮುಖ ತೋಟದ ನಡುವೆ ಹಾದು ಹೋಗುತ್ತದೆ. ಮನೆಗೆ ಬಣ್ಣವೋ ವೈರಿಂಗೋ ಮಾಡಿಸುವಾಗ ವಿದ್ಯುತ್ ಕಂಪನಿಯ ಸೆಕ್ಷನ್ ಕಚೇರಿಗೆ ಅರ್ಜಿ ಕೊಟ್ಟು ಮೀಟರ್ ಬೋರ್ಡನ್ನು ಗೇಟಿನ ಪಕ್ಕದ ಗೋಡೆಗೆ ತರಿಸಿಕೊಳ್ಳುವುದು ಒಳ್ಳೆಯದು. ಪರವಾನಗಿ ಇರುವ ಗುತ್ತಿಗೆದಾರರೇ ಮಾಡಬೇಕು, ಸೀಲು ನೀವು ಮುಟ್ಟಬಾರದು.

ಗಣತಿಗೆ, ಸೊಳ್ಳೆ ಲಾರ್ವಾ ನೋಡಲು ಬರುವವರ ಗುರುತಿನ ಚೀಟಿ ಕೇಳಿ, ನೋಡಿ, ಬಿಡಿ. ಗಣೇಶ ಚೌತಿಯ ದಿನ ‘ಗಣೇಶ ಕೂರ್ಸಿದೀರಾ?’ ಎಂದು ಗುಂಪುಗಟ್ಟಿ ಬರುವ ಚಿಣ್ಣರನ್ನು ಈ ಲೇಖನದ ಲೆಕ್ಕಕ್ಕೆ ಸೇರಿಸುವುದೇ ಬೇಡ.

ಗೇಟು: ಅರ್ಧ ಕೆಲಸ ಇಲ್ಲೇ ಮುಗಿಯುತ್ತದೆ

ಬಹಳಷ್ಟು ಮನೆಗಳಲ್ಲಿ ಕಾಲಿಂಗ್ ಬೆಲ್ ಇರುವುದು ಮುಂಬಾಗಿಲ ಪಕ್ಕ. ಅಂದರೆ ಮನೆಯವರನ್ನು ಕರೆಯಬೇಕಾದವರೆಲ್ಲ ಗೇಟು ತೆಗೆದು ತೋಟ ದಾಟಲೇಬೇಕು. ಇಷ್ಟಾಗಿ ‘ಯಾರ್ಯಾರೋ ಒಳಗೆ ಬರ್ತಾರೆ’ ಎಂದು ಗೊಣಗಿ ಪ್ರಯೋಜನವಿಲ್ಲ. ಬೆಲ್ಲನ್ನು ಗೇಟಿನ ಕಂಬಕ್ಕೆ ತನ್ನಿ. ತಂತಿ ಎಳೆಯುವುದು ಕಷ್ಟವಾದರೆ ತಂತಿರಹಿತ ಬೆಲ್ ಸಾಕು. ಗುಂಡಿ ಮಳೆ ತಡೆಯುವಂಥದ್ದಾಗಿರಲಿ, ಮೇಲೊಂದು ಸಣ್ಣ ತಗಡಿನ ಮರೆ ಇರಲಿ. ಮಳೆಗಾಲದಲ್ಲಿ ಈ ಬೆಲ್‌ಗಳು ಕೆಡುವುದು ಬ್ಯಾಟರಿಯ ತುದಿಗಳಿಗೆ ಕಿಲುಬು ಹಿಡಿದು. ಆಗ ಜನ ಮತ್ತೆ ಒಳಗೆ ಬರತೊಡಗುತ್ತಾರೆ. ಹಾಲು, ಪೇಪರು, ಪಾರ್ಸಲ್‌ಗೆ ಗೇಟಿನ ಒಳಮೈಗೆ ಒಂದು ತಗಡಿನ ಪೆಟ್ಟಿಗೆ ಬಡಿಸಿ, ಹೊರಗಿನಿಂದಲೇ ಹಾಕುವಂತೆ ಕಿಂಡಿ ಇಡಿಸಿ. ಒಂದೂವರೆ ಅಡಿ ಉದ್ದ, ಒಂದಡಿ ಅಗಲವಿದ್ದರೆ ಮಾಮೂಲಿ ಪೊಟ್ಟಣಗಳೆಲ್ಲ ಹಿಡಿಯುತ್ತವೆ.

ಚಿಲಕದ ವಿಷಯ. ಗೇಟಿನ ಮೇಲ್ತುದಿಯ ಕೊಂಡಿ ಯಾರು ಬೇಕಾದರೂ ಕೈ ಹಾಕಿ ಎತ್ತುವಂಥದ್ದು. ಅಗಳಿಯನ್ನು ಒಳಬದಿಯಲ್ಲಿ, ನೆಲದಿಂದ ಎರಡಡಿ ಎತ್ತರಕ್ಕೆ ಇಳಿಸಿ, ಅದರ ಸುತ್ತ ಒಂದಡಿ ಚೌಕದ ಕಬ್ಬಿಣದ ಶೀಟು ವೆಲ್ಡ್ ಮಾಡಿಸಿ. ಸರಳುಗಳ ಸಂದಿಯಿಂದ ಕೈ ತೂರಿಸಿದರೂ ಆಗ ಅಗಳಿ ಸಿಗುವುದಿಲ್ಲ. ಗೇಟು ಮೇಲಕ್ಕೆ ಎತ್ತಿ ಕಳಚುವ ಬಗೆಯದಾಗಿದ್ದರೆ ಮೇಲಿನ ಹಿಂಜಿನ ತಲೆಯ ಮೇಲೆ ಒಂದು ಸಣ್ಣ ತುಂಡು ವೆಲ್ಡ್ ಹಾಕಿಸಿ. ವೆಲ್ಡಿಂಗ್ ಆದ ಜಾಗಕ್ಕೆ ಅದೇ ದಿನ ರೆಡ್ ಆಕ್ಸೈಡ್ ಬಳಿಯದಿದ್ದರೆ ತುಕ್ಕು ಶುರುವಾಗುವುದೇ ಅಲ್ಲಿಂದ. ನೆಲಕ್ಕೆ ಇಳಿಯುವ ಬೋಲ್ಟಿನ ಕುಳಿ ಮಣ್ಣು ತುಂಬಿ ಮುಚ್ಚಿಹೋಗುತ್ತದೆ. ಕುಳಿಗೆ ನಾಲ್ಕು ಇಂಚು ಉದ್ದದ ಪೈಪಿನ ತುಂಡು ಹೂತು, ತಿಂಗಳಿಗೊಮ್ಮೆ ಕೆದಕಿ ತೆಗೆಯಿರಿ.

ಎಷ್ಟೇ ಒಳ್ಳೆಯ ಚಿಲಕವಿದ್ದರೂ ಹಾಕದೆ ಹೋಗುವ ಜನ ಮನೆಯಲ್ಲೇ ಇರುತ್ತಾರೆ. ಗೇಟು ತಾನೇ ಮುಚ್ಚಿಕೊಳ್ಳಬೇಕೆಂದರೆ ಸ್ಪ್ರಿಂಗ್ ಹಿಂಜ್ ಹಾಕಿಸಿ. ಭಾರದ ಗೇಟಿಗೆ ಮಾಮೂಲಿ ಸ್ಪ್ರಿಂಗ್ ಬೇಗ ಸೋಲುತ್ತದೆ, ಓಡಾಟದ ಚಿಕ್ಕ ಗೇಟಿಗೆ ಮಾತ್ರ ಸಾಕು.

ಒಂದು ಫಲಕ ಬೇಕು. ‘ಬೆಲ್ ಮಾಡಿ. ಅನುಮತಿ ಇಲ್ಲದೆ ಗೇಟು ತೆಗೆಯಬೇಡಿ’ ಅಷ್ಟು ಸಾಕು. ಅಕ್ಷರ ಎರಡು ಇಂಚಿಗಿಂತ ಚಿಕ್ಕದಿದ್ದರೆ ರಸ್ತೆಯಿಂದ ಕಾಣದು. ‘ಹೂ ಕೀಳುವವರಿಗೆ ದೇವರ ಶಾಪ ತಟ್ಟಲಿ’ ಎಂಬಂಥ ಫಲಕಗಳು ದಾರಿಹೋಕರಿಗೆ ನಗು ತರಿಸುತ್ತವೆ, ಹೂ ಉಳಿಸುವುದಿಲ್ಲ. ‘ನಾಯಿ ಇದೆ’ ಎಂಬ ಫಲಕವನ್ನು ನಾಯಿ ಇದ್ದರೆ ಮಾತ್ರ ಹಾಕಿ. ಇದ್ದರೆ ಕಟ್ಟಿಹಾಕುವ ಜವಾಬ್ದಾರಿಯೂ ನಿಮ್ಮದೇ. ಸಾಕುಪ್ರಾಣಿಯಿಂದ ಅಪಾಯವಾಗದಂತೆ ನೋಡಿಕೊಳ್ಳದಿದ್ದರೆ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 291ರಡಿ ಆರು ತಿಂಗಳವರೆಗೆ ಸಜೆಯೋ 5,000 ರೂಪಾಯಿವರೆಗೆ ದಂಡವೋ ಆಗಬಹುದು.

ಹೂಗಿಡ ಎಲ್ಲಿರಬೇಕು

ದಾಸವಾಳ, ನಂದಿಬಟ್ಟಲು, ಕಣಗಿಲೆಯನ್ನು ಕಾಂಪೌಂಡಿಗೆ ಅಂಟಿಸಿ ನೆಡುವುದು ರೂಢಿ. ಕಾಟಕ್ಕೆ ಮೂಲವೂ ಅದೇ. ಗೋಡೆಯಾಚೆ ನಿಂತವರ ಕೈ ಎರಡಡಿ ಒಳಗೆ ಬರುತ್ತದೆ, ಕೊಕ್ಕೆ ಕೋಲು ಅಥವಾ ದೋಟಿ ಇದ್ದರೆ ನಾಲ್ಕೈದು ಅಡಿ. ಹೂಗಿಡ ಗೋಡೆಯಿಂದ ಆರಡಿ ಒಳಗಿರಬೇಕು. ಹಳೆಯ ದಾಸವಾಳವನ್ನು ಕಿತ್ತು ನೆಡುವ ಸಾಹಸ ಬೇಡ, ಬೇರು ಹರಿದು ಒಣಗುವ ಸಂಭವ ಹೆಚ್ಚು. ಮಳೆಗಾಲದ ಆರಂಭದಲ್ಲಿ ಪೆನ್ಸಿಲ್ ದಪ್ಪದ ಕಡ್ಡಿಯನ್ನು ಆರರಿಂದ ಎಂಟು ಇಂಚು ಉದ್ದಕ್ಕೆ ಗೆಣ್ಣಿನ ಕೆಳಗೆ ಕತ್ತರಿಸಿ, ಕೆಳಗಿನ ಎಲೆ ತೆಗೆದು, ಮರಳು ಬೆರೆಸಿದ ಮಣ್ಣಿನಲ್ಲಿ ಊರಿ ನೆರಳಿನಲ್ಲಿಡಿ. ನಾಲ್ಕರಿಂದ ಆರು ವಾರಕ್ಕೆ ಬೇರು ಬರುತ್ತದೆ. ಹೊಸ ಗಿಡ ಹೂ ಬಿಡತೊಡಗಿದ ಮೇಲೆ ಹಳೆಯದನ್ನು ರಸ್ತೆ ಬದಿಯಿಂದ ಸವರುತ್ತ ಬನ್ನಿ.

ಗೋಡೆ ಪಕ್ಕ ಖಾಲಿಯಾದ ಜಾಗಕ್ಕೆ ಮುಳ್ಳಿನ ಬೇಲಿ ಹಾಕಿ. ಕವಳಿ, ಕೆಲವೆಡೆ ಕರಂಡೆ ಎನ್ನುವ ಗಿಡ ಇದಕ್ಕೆ ಹೇಳಿ ಮಾಡಿಸಿದ್ದು. ಎರಡಡಿಗೊಂದು ನೆಟ್ಟು, ಒಂದೂವರೆ ಅಡಿ ಬಂದಾಗ ತುದಿ ಚಿವುಟಿದರೆ ಬುಡದಿಂದಲೇ ಕವಲೊಡೆಯುತ್ತದೆ. ಚಿವುಟದೆ ಬಿಟ್ಟರೆ ಮೇಲೆ ಪೊದೆಯಾಗಿ ಕೆಳಗೆ ನಾಯಿ ನುಸುಳುವಷ್ಟು ಸಂದಿ ಉಳಿಯುತ್ತದೆ. ಕಾಯಿ ಉಪ್ಪಿನಕಾಯಿಗೂ ಆಯಿತು. ಕಾಗದದ ಹೂವಿನ ಬಳ್ಳಿಗೆ ಮೂರು ನಾಲ್ಕು ಅಡಿ ಅಂತರ ಬೇಕು, ಅದರ ರೆಂಬೆ ಫುಟ್‌ಪಾತಿಗೆ ಚಾಚದಂತೆ ವರ್ಷಕ್ಕೆ ಎರಡು ಮೂರು ಸಲ ಕತ್ತರಿಸಬೇಕು. ಮಕ್ಕಳಿರುವ ಬೀದಿಯಲ್ಲಿ ಕಣಗಿಲೆಯನ್ನು ಬೇಲಿಗಿಡ ಮಾಡಬೇಡಿ, ಇಡೀ ಗಿಡವೇ ವಿಷ.

ಮರವಾಗಿ ಬೆಳೆದದ್ದನ್ನು ಸಿಟ್ಟಿನಲ್ಲಿ ಕಡಿಸುವ ಮೊದಲು ಯೋಚಿಸಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ನಿಮ್ಮ ನಿವೇಶನದೊಳಗಿನ ಮರಕ್ಕೂ ಅನ್ವಯಿಸುತ್ತದೆ. ವಿನಾಯಿತಿ ಇರುವ ಕೆಲವು ಜಾತಿ ಬಿಟ್ಟರೆ ವೃಕ್ಷಾಧಿಕಾರಿಯ ಅನುಮತಿ ಬೇಕು.

ಹೂ ಕೀಳುವವರು ಬರುವುದು ಐದರಿಂದ ಆರೂವರೆ ಒಳಗೆ. ಅವರಿಗಿಂತ ಮೊದಲು ಏಳುವ ಪೈಪೋಟಿ ಬೇಕಿಲ್ಲ. ನಾಳೆ ಅರಳುವ ದಾಸವಾಳದ ಮೊಗ್ಗು ಇಂದು ಸಂಜೆಯೇ ಉದ್ದವಾಗಿ, ತುದಿಯಲ್ಲಿ ಬಣ್ಣ ಕಾಣಿಸಿಕೊಂಡು ಗುರುತು ಸಿಗುತ್ತದೆ. ತೊಟ್ಟು ಸಮೇತ ಬಿಡಿಸಿ ಅಗಲವಾದ ತಟ್ಟೆಯಲ್ಲಿ ಒಂದರ ಮೇಲೊಂದು ಬೀಳದಂತೆ ಹರಡಿಟ್ಟರೆ ಬೆಳಗ್ಗೆ ಮನೆಯೊಳಗೇ ಅರಳಿರುತ್ತದೆ. ಎರಡು ವಾರ ಹೀಗೆ ಮಾಡಿ ಗಿಡ ಬರಿದಾಗಿಟ್ಟರೆ ಬರುವವರು ತಾವಾಗಿಯೇ ಬೇರೆ ದಾರಿ ಹಿಡಿಯುತ್ತಾರೆ. ಪಾರಿಜಾತಕ್ಕೆ ಈ ಉಪಾಯ ಬೇಡ, ನೆಲಕ್ಕೆ ಬಿದ್ದದ್ದೂ ಪೂಜೆಗೆ ಸಲ್ಲುವ ಹೂ ಅದು. ರಾತ್ರಿ ಮಲಗುವ ಮೊದಲು ಬುಡದಲ್ಲಿ ಹಳೆಯ ಪಂಚೆ ಹರಡಿಡಿ.

ಜಗ್ಗಿ ಕಿತ್ತು ರೆಂಬೆ ಸಿಗಿದಿದ್ದರೆ ಹಾಗೇ ಬಿಡಬೇಡಿ. ಸೀಳು ಮುಗಿಯುವ ಜಾಗದ ಕೆಳಗಿನ ಗೆಣ್ಣಿಗೆ ಸರಿಯಾಗಿ ಓರೆಯಾಗಿ ಕತ್ತರಿಸಿ, ತಾಮ್ರದ ಶಿಲೀಂಧ್ರನಾಶಕವನ್ನು ನೀರಲ್ಲಿ ಕಲಸಿ ಗಾಯಕ್ಕೆ ಬಳಿಯಿರಿ. ಮಳೆಯಲ್ಲಿ ಹರಿದ ಸಿಪ್ಪೆಯೊಳಗೆ ನೀರು ನಿಂತು ಕೊಳೆ ಕಾಂಡಕ್ಕಿಳಿಯುತ್ತದೆ.

ಹೇಳುವ ಮಾತು

ದೇವರಿಗೆಂದು ಕಿತ್ತರೆ ಕಳ್ಳತನವಲ್ಲ, ಮನಿಪ್ಲಾಂಟ್ ಕದ್ದು ತಂದರೇ ಚೆನ್ನಾಗಿ ಹಬ್ಬುತ್ತದೆ ಎಂದು ನಂಬಿದವರಿಗೆ ತಪ್ಪು ಮಾಡುತ್ತಿದ್ದೇವೆ ಅನ್ನಿಸಿರುವುದೇ ಇಲ್ಲ. ಅದಕ್ಕೇ ‘ಕಳ್ಳರು’ ಎಂಬ ಮಾತು ಬಾಯಿಂದ ಬಂದ ಕ್ಷಣ ಹೂವಿನ ವಿಷಯ ಹೋಗಿ ಮರ್ಯಾದೆಯ ವಿಷಯವಾಗುತ್ತದೆ. ಮೊದಲ ಸಲ ಗೇಟಿನ ಬಳಿ ಹೋಗಿ, ದನಿ ಎತ್ತದೆ, ಹೀಗೆ ಹೇಳಿ:

‘ಅಮ್ಮಾ, ಇನ್ಮುಂದೆ ಗೇಟ್ ತೆಗೆದು ಒಳಗೆ ಬರಬೇಡಿ. ಹೂ ಬೇಕಿದ್ರೆ ಬೆಲ್ ಮಾಡಿ ಕೇಳಿ, ಇದ್ರೆ ಕೊಡ್ತೀವಿ.’

ವಯಸ್ಸಾದ ಗಂಡಸರಾದರೆ ‘ಯಜಮಾನ್ರೆ’. ಇಲ್ಲಿ ಮುಖ್ಯವಾದದ್ದು ‘ಬರಬೇಡಿ’ ಎಂಬ ಕ್ರಿಯಾಪದ. ‘ಸ್ವಲ್ಪ ಉಳಿಸಿ’, ‘ಎಲ್ಲಾ ಕಿತ್ಕೊಂಡ್ ಹೋದ್ರೆ ನಮಗೇನು?’ ಅಂದರೆ ಕೊಂಚ ಕೀಳಬಹುದು ಎಂದೇ ಅರ್ಥವಾಗುತ್ತದೆ. ಬಾಗಿಲವರೆಗೆ ಬರಲು ಅಪರಿಚಿತರಿಗೆ ಇರುವ ಮೌನ ಒಪ್ಪಿಗೆ ನೀವು ಸ್ಪಷ್ಟವಾಗಿ ಬೇಡವೆಂದ ಕ್ಷಣಕ್ಕೆ ಮುಗಿಯುತ್ತದೆ. ಆಮೇಲೆ ಬಂದರೆ ಗೊತ್ತಿದ್ದೇ ಬಂದಂತೆ. ಎರಡನೆಯ ಸಲ ಹೇಳುವಾಗ ಪಕ್ಕದ ಮನೆಯವರೊಬ್ಬರು ಜೊತೆಗಿರಲಿ, ತಾರೀಖು, ಹೊತ್ತು ಬರೆದಿಡಿ.

ಹೂ ಹೆಚ್ಚಿದ್ದರೆ ಗೇಟಿಗೊಂದು ಬುಟ್ಟಿ ತೂಗುಹಾಕಿ ಹತ್ತು ಹೂ ಇಡುವುದೂ ಒಂದು ದಾರಿ. ಒಂದು ಬೀದಿಯಲ್ಲಿ ಇದು ನಡೆಯುತ್ತದೆ, ಇನ್ನೊಂದರಲ್ಲಿ ಬುಟ್ಟಿಯೇ ಹೋಗುತ್ತದೆ. ವರಮಹಾಲಕ್ಷ್ಮಿ, ಗೌರಿ ಗಣೇಶ, ಯುಗಾದಿಯ ಹಿಂದಿನ ದಿನ ಮಾರುಕಟ್ಟೆಯಲ್ಲಿ ಹೂವಿನ ಬೆಲೆ ಏರಿ ಮಾವು, ಬೇವು, ಗರಿಕೆ, ಎಕ್ಕ ಹುಡುಕುವವರೂ ಸೇರುತ್ತಾರೆ. ಆ ಸಂಜೆ ನೀವೇ ಒಂದಷ್ಟು ಕಿತ್ತು ಗೇಟಿನ ಹೊರಗಿಟ್ಟರೆ ರೆಂಬೆ ಉಳಿಯುತ್ತದೆ.

ಚೆಂಡಿನ ಹುಡುಗರಿಗೆ ನಿಯಮ ಒಂದೇ: ‘ಬೆಲ್ ಮಾಡು, ನಾನೇ ತೆಗ್ದುಕೊಡ್ತೀನಿ.’ ಚೆಂಡು ಕಿತ್ತಿಟ್ಟುಕೊಂಡರೆ ಮರುದಿನ ಸದ್ದಿಲ್ಲದೆ ಗೋಡೆ ಹಾರುತ್ತಾರೆ, ಒಡೆದ ಕುಂಡ ಜಾಸ್ತಿಯಾಗುತ್ತದೆ. ಮಾರಾಟದವರಿಗೂ ಚಂದಾದವರಿಗೂ ಗೇಟು ತೆಗೆಯದೆಯೇ ಉತ್ತರಿಸಿ.

ಗುಜರಿಯವರು, ಚಿಂದಿ ಆಯುವವರನ್ನು ಕಂಡ ಕೂಡಲೇ ಅನುಮಾನಿಸುವುದೂ ಒಳ್ಳೆಯ ಬಟ್ಟೆಯ ವಾಕಿಂಗ್‌ನವರನ್ನು ನಕ್ಕು ಬಿಡುವುದೂ ನಮ್ಮಲ್ಲಿ ಇದೆ. ಹೂ ಬರಿದು ಮಾಡುವವರು ಹೆಚ್ಚಾಗಿ ಎರಡನೆಯವರೇ.

ದೀಪ ಮತ್ತು ಕ್ಯಾಮೆರಾ

ಚಲನೆಗೆ ಹೊತ್ತಿಕೊಳ್ಳುವ ದೀಪವನ್ನು ಏಳೆಂಟು ಅಡಿ ಎತ್ತರಕ್ಕೆ ಹಾಕಿ. ಅದರ ಸೆನ್ಸರ್ ತನ್ನೆದುರು ಅಡ್ಡಲಾಗಿ ಹಾದುಹೋಗುವವರನ್ನು ಬೇಗ ಹಿಡಿಯುತ್ತದೆ, ನೇರವಾಗಿ ತನ್ನ ಕಡೆಗೇ ಬರುವವರನ್ನು ತಡವಾಗಿ. ಹಾಗಾಗಿ ಬಾಗಿಲ ಮೇಲಿಂದ ಗೇಟಿನತ್ತ ಮುಖ ಮಾಡುವುದಕ್ಕಿಂತ ಪಕ್ಕದ ಗೋಡೆಯಿಂದ ದಾರಿಗೆ ಅಡ್ಡವಾಗಿ ಇಟ್ಟರೆ ಚೆನ್ನ. ಗಾಳಿಗೆ ಬಾಳೆ ಎಲೆ ಆಡಿದರೂ, ಬೆಕ್ಕು ಓಡಿದರೂ ಹೊತ್ತಿಕೊಳ್ಳುತ್ತಿದ್ದರೆ ಸೂಕ್ಷ್ಮತೆಯ ತಿರುಪನ್ನು ಇಳಿಸಿ. ಸೌರದೀಪಗಳು ಆಷಾಢದ ಮೋಡದಲ್ಲಿ ನಡುರಾತ್ರಿಗೇ ಆರಿಹೋಗುತ್ತವೆ, ಗೇಟಿಗೆ ಕರೆಂಟಿನದೇ ಇರಲಿ.

ಕ್ಯಾಮೆರಾ ಕೊಂಡವರ ಸಾಮಾನ್ಯ ಗೋಳು, ‘ಆಳು ಕಾಣ್ತಾನೆ, ಮುಖ ಕಾಣಲ್ಲ’. 2.8 ಮಿ.ಮೀ. ಲೆನ್ಸಿನ 2 ಮೆಗಾಪಿಕ್ಸೆಲ್ ಕ್ಯಾಮೆರಾ ಇಡೀ ಅಂಗಳ ತೋರಿಸುತ್ತದೆ, ಆದರೆ ಗುರುತು ಹಿಡಿಯುವಷ್ಟು ಮುಖ ಸಿಗುವುದು ಸುಮಾರು 3 ಮೀಟರ್‌ವರೆಗೆ ಮಾತ್ರ. 4 ಮಿ.ಮೀ. ಲೆನ್ಸಿನಲ್ಲಿ ಅದು ನಾಲ್ಕೂವರೆ ಮೀಟರ್‌ವರೆಗೆ ಹೋಗುತ್ತದೆ. ಒಂದೇ ಕ್ಯಾಮೆರಾ ಇರುವುದಾದರೆ ಗೇಟಿನ ಹತ್ತಿರ, ಎಂಟಡಿ ಎತ್ತರದಲ್ಲಿ ಇರಲಿ. ತೀರಾ ಮೇಲಿಟ್ಟರೆ ದಾಖಲಾಗುವುದು ನೆತ್ತಿ. ಲೆನ್ಸಿನೆದುರು ಎರಡಡಿಯೊಳಗೆ ಎಲೆಯಿದ್ದರೆ ರಾತ್ರಿ ಅದರ ಬೆಳಕು ಎಲೆಗೇ ಬಡಿದು ಚಿತ್ರವೆಲ್ಲ ಬಿಳಿಚುತ್ತದೆ. ಜೇಡರ ಬಲೆಯೂ ಹೀಗೇ ಮಾಡುತ್ತದೆ, ವಾರಕ್ಕೊಮ್ಮೆ ಒರೆಸಿ. ಸೆಕೆಂಡಿಗೆ 1 ಮೆಗಾಬಿಟ್ ವೇಗದಲ್ಲಿ ಸದಾ ರೆಕಾರ್ಡ್ ಮಾಡಿದರೆ ದಿನಕ್ಕೆ ಸುಮಾರು 11 ಜಿಬಿ ಬೇಕು, 128 ಜಿಬಿ ಕಾರ್ಡು ಹನ್ನೊಂದು ದಿನಕ್ಕೆ ತುಂಬಿ ಹಳೆಯದು ಅಳಿಯುತ್ತದೆ. ಬೇಕಾದ ತುಣುಕನ್ನು ಅದೇ ವಾರ ತೆಗೆದಿಡಿ, ಕತ್ತರಿಸದ ಮೂಲ ಕಡತವನ್ನೇ ಇಡಿ. ನ್ಯಾಯಾಲಯಕ್ಕೆ ಕೊಡಬೇಕಾಗಿ ಬಂದರೆ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಪ್ರಮಾಣಪತ್ರ ಜೊತೆಗಿರಬೇಕು.

ಎದುರು ಮನೆಯ ಕಿಟಕಿ, ಬಾಗಿಲು ಚೌಕಟ್ಟಿನೊಳಗೆ ಬರದಂತೆ ತಿರುಗಿಸಿ. ಸಿಕ್ಕ ಚಿತ್ರವನ್ನು ಬಡಾವಣೆಯ ವಾಟ್ಸ್ಆ್ಯಪ್ ಗುಂಪಿಗೆ ‘ಹೂಗಳ್ಳಿ’ ಎಂದು ಹಾಕುವುದು ಬೇಡ. ಮಾನನಷ್ಟದ ದೂರು ತಿರುಗಿ ನಿಮ್ಮ ಮೇಲೇ ಬರುವ ದಾರಿ ಅದು.

ಕಾನೂನು ಕೊಡುವುದು ಎಷ್ಟು

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 329 ಅತಿಕ್ರಮ ಪ್ರವೇಶದ್ದು. ಅಂಗಳಕ್ಕೆ ನುಗ್ಗಿದರೆ ಮೂರು ತಿಂಗಳವರೆಗೆ ಸಜೆ ಅಥವಾ 5,000 ರೂಪಾಯಿವರೆಗೆ ದಂಡ ಅಥವಾ ಎರಡೂ. ವಾಸದ ಕಟ್ಟಡದೊಳಗೇ ನುಗ್ಗಿದರೆ ಸಜೆ ಒಂದು ವರ್ಷದವರೆಗೆ. ಆದರೆ ಬರೀ ಕಾಲಿಟ್ಟರೆ ಅಪರಾಧವಾಗದು. ಅಪರಾಧ ಮಾಡುವ, ಇಲ್ಲವೇ ಸ್ವಾಧೀನದಲ್ಲಿರುವವರನ್ನು ಬೆದರಿಸುವ, ಅವಮಾನಿಸುವ, ಕಿರಿಕಿರಿ ಮಾಡುವ ಉದ್ದೇಶ ಇರಬೇಕು. ‘ಬರಬೇಡಿ’ ಎಂದು ಹೇಳಿ ಬರೆದಿಟ್ಟದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ. ಹೂವು, ಕುಂಡದ ಕಳವಿನಲ್ಲಿ ಬೆಲೆ 5,000 ರೂಪಾಯಿಗಿಂತ ಕಡಿಮೆಯಿದ್ದರೆ ಅದು ಅಸಂಜ್ಞೇಯ ಪ್ರಕರಣ, ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆ ನಡೆಸುವಂತಿಲ್ಲ. ಅತಿಕ್ರಮ ಪ್ರವೇಶ ಸಂಜ್ಞೇಯ, ಅಂದರೆ ಅಂಥ ಆದೇಶವಿಲ್ಲದೆಯೇ ಪೊಲೀಸರು ತನಿಖೆ ನಡೆಸಬಹುದು. ಹಾಗಾಗಿ ದೂರಿನಲ್ಲಿ ಮೂವತ್ತು ದಾಸವಾಳದ ಲೆಕ್ಕ ಕೊಡುವ ಬದಲು, ಬೇಡವೆಂದ ಮೇಲೂ ಗೇಟು ತೆಗೆದು ಬಂದದ್ದು, ಬೈದದ್ದು, ಗಿಡ ಮುರಿದದ್ದನ್ನು ತಾರೀಖು ಸಮೇತ ಬರೆಯಿರಿ. ಒಂದು ಪುಟ ಸಾಕು, ಸ್ವೀಕೃತಿ ಪಡೆಯಿರಿ. ಸಂಜ್ಞೇಯ ಅಪರಾಧವಿದ್ದೂ ಎಫ್ಐಆರ್ ದಾಖಲಿಸದಿದ್ದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 173(4)ರಂತೆ ಎಸ್‌ಪಿಗೆ ಅಂಚೆಯಲ್ಲಿ ಕಳಿಸಬಹುದು, ಆಮೇಲೆ ಮ್ಯಾಜಿಸ್ಟ್ರೇಟರ ಬಳಿಗೆ. ಪದೇ ಪದೇ ಬರುವವರು ನೆರೆಯವರೇ ಆದರೆ ಸಿವಿಲ್ ನ್ಯಾಯಾಲಯದ ತಡೆಯಾಜ್ಞೆ ಇದಕ್ಕಿಂತ ಗಟ್ಟಿ.

ಹೊರಡಲು ನಿರಾಕರಿಸಿದರೆ, ಕುಡಿದಿದ್ದರೆ, ಕೈಯಲ್ಲಿ ಆಯುಧವಿದ್ದರೆ, ರಾತ್ರಿ ಹೊತ್ತಾದರೆ ಮಾತಿಗೆ ಹೋಗಬೇಡಿ. ಬಾಗಿಲು ಹಾಕಿಕೊಂಡು ದೀಪ ಹೊತ್ತಿಸಿ 112ಕ್ಕೆ ಕರೆ ಮಾಡಿ, ಹತ್ತಿರದ ಗುರುತು ಹೇಳಿ.

ಸಿಕ್ಕಿಬಿದ್ದವರನ್ನು ಕಟ್ಟಿಹಾಕುವುದು, ಗೇಟಿಗೆ ಬೀಗ ಹಾಕಿ ಕೂಡಿಡುವುದು ಮಾಡಬೇಡಿ. ಕಣ್ಣೆದುರು ಜಾಮೀನುರಹಿತ ಸಂಜ್ಞೇಯ ಅಪರಾಧ ನಡೆದರೆ ಮಾತ್ರ ಖಾಸಗಿಯವರು ಹಿಡಿಯಬಹುದು, ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಹೂ ಕಿತ್ತವರನ್ನು ಕೂಡಿಟ್ಟರೆ ಅಕ್ರಮ ಬಂಧನದ ಪ್ರಕರಣ ನಿಮ್ಮ ಮೇಲೆ. ಗೋಡೆ ಮೇಲೆ ಗಾಜು, ಮಣ್ಣಿನಲ್ಲಿ ಮೊಳೆ, ಹೂವಿಗೆ ಕೀಟನಾಶಕ, ಇವೂ ಬೇಡ. ದಾಸವಾಳದ ಬಿಳಿ ಹಿಟ್ಟು ತಿಗಣೆಗೆ ನಿಜವಾಗಿಯೇ ಔಷಧಿ ಹೊಡೆದ ದಿನ ಗೇಟಿಗೆ ಚೀಟಿ ಹಾಕಿ. ತಂತಿಗೆ ಕರೆಂಟು ಹರಿಸುವುದಂತೂ ಕೊಲೆಗೆ ಸಮ. ಬಿಹಾರದಲ್ಲಿ ಒಬ್ಬರು ತಮ್ಮ ಶೌಚಾಲಯಕ್ಕೆ ಹೊರಗಿನವರು ಬಾರದಂತೆ ಬರಿಯ ವಿದ್ಯುತ್ ತಂತಿ ಕಟ್ಟಿ, ಅದು ತಗುಲಿ ಮಹಿಳೆಯೊಬ್ಬರು ಸತ್ತ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1960ರ ದಶಕದಲ್ಲೇ ಶಿಕ್ಷೆ ಎತ್ತಿಹಿಡಿದಿದೆ. ಅನುಮತಿಯಿಲ್ಲದೆ ಬಂದವರು ಎಂಬ ವಾದ ಅಲ್ಲಿ ನಿಲ್ಲಲಿಲ್ಲ.

ಬೀಗ ಹಾಕಿ ಹೊರಡುವಾಗ

ಊರಿಗೆ ಹೋದಾಗ, ಅಥವಾ ವಿದೇಶದಲ್ಲಿದ್ದು ಮೈಸೂರಿನ ಮನೆ ಮುಚ್ಚಿಟ್ಟಾಗ, ಖಾಲಿ ಮನೆಯ ಸುಳಿವು ಕೊಡುವುದು ಗೇಟಿನ ಮುಂದಿನ ನೆಲವೇ: ಬಿದ್ದ ಪೇಪರು, ಗುಡಿಸದ ಎಲೆ, ರಂಗೋಲಿಯಿಲ್ಲದ ಹೊಸ್ತಿಲು. ಪೇಪರು, ಹಾಲು ನಿಲ್ಲಿಸಿ. ನೆರೆಯ ಮನೆಯವರಿಗೆ ಹೂ ಕಿತ್ತುಕೊಳ್ಳಲು ನೀವೇ ಹೇಳಿ, ಬದಲಿಗೆ ಗೇಟಿನ ಮುಂದೆ ನೀರು ಹಾಕಿ ಒಂದೆಳೆ ರಂಗೋಲಿ ಎಳೆಯಲು ಕೇಳಿಕೊಳ್ಳಿ. ದಿನವೂ ಗುರುತಿನವರು ಓಡಾಡುವ ಅಂಗಳಕ್ಕೆ ಬೇರೆಯವರು ಕೈಹಾಕುವುದು ಕಡಿಮೆ. ಠಾಣೆಗೆ ಹೋಗಿ ಹೊರಡುವ ಮತ್ತು ಮರಳುವ ದಿನ ತಿಳಿಸಿ, ಬೀಟ್ ಪೊಲೀಸರ ಮೊಬೈಲ್ ನಂಬರನ್ನು ನೆರೆಯವರಿಗೂ ಕೊಟ್ಟು ಹೊರಡಿ.